ಸೆಡ್ನಾ: ಕಕ್ಷೆಯೊಂದು ಉಳಿಸಿಕೊಂಡ ಹಳೆಯ ದಾಖಲೆ

(ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಫಲಕದ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ವಾಕ್ಯಗಳಲ್ಲಿ ಬಿಡಿಸಿ ಹೇಳಿದ್ದೇನೆ.)

ಮಾನ್ಯ ಸಭಿಕರೇ,

ಇಂದು ನಾನು ಮಾತನಾಡಲಿರುವುದು ಸೆಡ್ನಾ ಎಂಬ ಒಂದು ಹಿಮಕಾಯದ ಬಗ್ಗೆ. ಅದರ ಅಡ್ಡಳತೆ ಸುಮಾರು 1,000 ಕಿಲೋಮೀಟರ್. ನಮ್ಮ ಚಂದ್ರನ ಅಡ್ಡಳತೆಯ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸೂರ್ಯನನ್ನು ಒಂದು ಸಲ ಸುತ್ತಿ ಬರಲು ಅದಕ್ಕೆ ಸುಮಾರು 11,400 ವರ್ಷ ಬೇಕು. ಸೌರಮಂಡಲದ ಹೊರ ಅಂಚಿನಲ್ಲಿ ಇದಕ್ಕಿಂತ ದೊಡ್ಡ ಕಾಯಗಳೂ ಇವೆ, ಇದಕ್ಕಿಂತ ಹೊಳಪಿನವೂ ಇವೆ. ಆದರೂ ಖಗೋಳ ವಿಜ್ಞಾನಿಗಳು ಎರಡು ದಶಕಗಳಿಂದ ಮತ್ತೆ ಮತ್ತೆ ಸೆಡ್ನಾದ ಕಡೆಗೇ ತಿರುಗುತ್ತಿರುವುದಕ್ಕೆ ಒಂದು ಬಲವಾದ ಕಾರಣವಿದೆ. ಅದು ಇಂದು ಸಾಗುತ್ತಿರುವ ಕಕ್ಷೆಗೆ, ನಮಗೆ ಗೊತ್ತಿರುವ ಎಂಟು ಗ್ರಹಗಳಲ್ಲಿ ಯಾವುದೂ ಅದನ್ನು ತಂದು ಸೇರಿಸಿರಲಾರದು. ನನ್ನ ಇಂದಿನ ಮಾತೆಲ್ಲವೂ ಈ ಒಂದು ವಾಕ್ಯದ ವಿವರಣೆಯೇ ಆಗಿದೆ.

ಮೊದಲು ಅದು ಸಿಕ್ಕಿದ ಬಗೆಯನ್ನು ಹೇಳುತ್ತೇನೆ. 2003ರ ನವೆಂಬರ್ 14ರ ರಾತ್ರಿ ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಮೇಲಿನ ಸ್ಯಾಮ್ಯುಯೆಲ್ ಆಶಿನ್ ದೂರದರ್ಶಕವು ಆಕಾಶದ ಒಂದೇ ಭಾಗವನ್ನು ಮೂರು ಗಂಟೆಗಳ ಅವಧಿಯಲ್ಲಿ ಮೂರು ಸಲ ಚಿತ್ರಿಸಿತು. ಮೈಕ್ ಬ್ರೌನ್, ಚಾಡ್ ಟ್ರುಹಿಯೊ ಮತ್ತು ಡೇವಿಡ್ ರಬಿನೋವಿಟ್ಜ್ ಆ ಚಿತ್ರಗಳನ್ನು ಹೋಲಿಸಿದಾಗ, ಸಾವಿರಾರು ನಕ್ಷತ್ರಗಳು ಇದ್ದಲ್ಲೇ ಇದ್ದವು. ಒಂದು ಮಂದ ಚುಕ್ಕೆ ಮಾತ್ರ 4.6 ಸೆಕೆಂಡ್ ಕೋನದಷ್ಟು ಸರಿದಿತ್ತು. ಹುಣ್ಣಿಮೆಯ ಚಂದ್ರನ ಅಗಲವನ್ನು 400 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಎಷ್ಟೋ, ಆ ಚುಕ್ಕೆಯ ಚಲನೆ ಅಷ್ಟು. ಈ ಶೋಧವನ್ನು 2004ರ ಮಾರ್ಚ್ 15ರಂದು ಪ್ರಕಟಿಸಲಾಯಿತು. ಆರ್ಕ್ಟಿಕ್ ಪ್ರದೇಶದ ಇನ್ಯುಯಿಟ್ ಜನರ ಕಡಲ ದೇವತೆಯ ಹೆಸರನ್ನು ಅದಕ್ಕೆ ಇಡಲಾಯಿತು.

ಪುಣೆಯವರಾದ ನಮಗೆ ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಆಶಿನ್ ದೂರದರ್ಶಕ ಗಾತ್ರದಲ್ಲಿ ದೊಡ್ಡದಲ್ಲ; ಅದು 1.2 ಮೀಟರ್‌ನದು. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಅವರು ಕಟ್ಟಿ ಬೆಳೆಸಿದ, ಪುಣೆಯ ಖಗೋಳ ಸಂಶೋಧನಾ ಕೇಂದ್ರವಾದ ನಮ್ಮ ಆಯುಕಾ ಸಂಸ್ಥೆ, ಇಲ್ಲಿಂದ ಸುಮಾರು 80 ಕಿಲೋಮೀಟರ್ ದೂರದ ಗಿರಾವಲಿಯಲ್ಲಿ ನಡೆಸುತ್ತಿರುವ ದೂರದರ್ಶಕದ ಕನ್ನಡಿಯೇ 2 ಮೀಟರ್ ಇದೆ. ಪಾಲೊಮಾರ್‌ನ ಉಪಕರಣಕ್ಕೆ ಇದ್ದ ಅನುಕೂಲವೆಂದರೆ ನೋಟದ ಹರವು. ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ 112 ಸಿಸಿಡಿ ಫಲಕಗಳನ್ನು ಜೋಡಿಸಿದ ಕ್ಯಾಮೆರಾ ಒಂದೊಂದು ಚಿತ್ರದಲ್ಲೂ ಆಕಾಶದ ವಿಶಾಲ ಭಾಗವನ್ನು ಹಿಡಿಯುತ್ತಿತ್ತು. ಎಲ್ಲಿದೆ ಎಂದು ಗೊತ್ತಿರುವ ವಸ್ತುವನ್ನು ಆಳವಾಗಿ ಪರೀಕ್ಷಿಸಲು ದೊಡ್ಡ ಕನ್ನಡಿ ಬೇಕು. ಎಲ್ಲಿದೆ ಎಂದೇ ಗೊತ್ತಿಲ್ಲದ ವಸ್ತುವನ್ನು ಹುಡುಕಲು ಅಗಲವಾದ ನೋಟವೂ, ಅದಕ್ಕಿಂತ ಹೆಚ್ಚಾಗಿ ರಾತ್ರಿಯಿಂದ ರಾತ್ರಿಗೆ ಅದೇ ಕೆಲಸವನ್ನು ಬಿಡದೆ ಮಾಡುವ ತಾಳ್ಮೆಯೂ ಬೇಕು.

ಮೂರೇ ಗಂಟೆಗಳ ಚಲನೆಯಿಂದ ಅದು ಬಹು ದೂರದ ಕಾಯವೆಂದು ತಿಳಿದದ್ದು ಹೇಗೆ? ಇಲ್ಲಿಂದ ಸೊಲ್ಲಾಪುರದ ಹಾದಿಯಲ್ಲಿ ಕಲಬುರಗಿಗೆ ರೈಲಿನಲ್ಲಿ ಹೋಗುವಾಗ ಕಿಟಕಿಯ ಹತ್ತಿರದ ಕಂಬಗಳು ಸರಸರನೆ ಹಿಂದಕ್ಕೆ ಓಡುತ್ತವೆ, ದೂರದ ಗುಡ್ಡಗಳು ನಿಧಾನವಾಗಿ ಸರಿಯುತ್ತವೆ. ಭೂಮಿಯೂ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಆ ಮೂರು ಚಿತ್ರಗಳಲ್ಲಿ ಕಂಡ ಚಲನೆಯ ಬಹುಪಾಲು ಸೆಡ್ನಾದ್ದಲ್ಲ, ನಮ್ಮದೇ. ಸರಿದ ಪ್ರಮಾಣ ಅಷ್ಟು ಕಡಿಮೆಯಿದ್ದುದರಿಂದ, ಆ ಕಾಯವು ಸೂರ್ಯನಿಂದ ಸುಮಾರು 90 ಖಗೋಳ ಮಾನ ದೂರದಲ್ಲಿದೆ ಎಂಬ ಅಂದಾಜು ಬೇಗನೆ ದೊರೆಯಿತು. ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ, ಎಂದರೆ ಸುಮಾರು 15 ಕೋಟಿ ಕಿಲೋಮೀಟರ್, ಒಂದು ಖಗೋಳ ಮಾನ ಎನಿಸುತ್ತದೆ. ಮುಂದೆ 1990ರವರೆಗಿನ ಹಳೆಯ ಚಿತ್ರಗಳಲ್ಲೂ ಅದೇ ಚುಕ್ಕೆ ಪತ್ತೆಯಾಯಿತು. ಅದರಿಂದ ಕಕ್ಷೆಯನ್ನು ನೆಚ್ಚಿಕೊಳ್ಳುವಷ್ಟು ನಿಖರವಾಗಿ ಲೆಕ್ಕ ಹಾಕಲು ಸಾಧ್ಯವಾಯಿತು.

ಆ ಕಕ್ಷೆಯೇ ನಮ್ಮ ಮುಖ್ಯ ವಿಷಯ. ಅದು ಬಹಳ ಉದ್ದನೆಯ ದೀರ್ಘವೃತ್ತ. ಸೂರ್ಯನಿಗೆ ಅತಿ ಹತ್ತಿರ ಬರುವ ಬಿಂದುವನ್ನು ಪುರರವಿ ಎನ್ನುತ್ತೇವೆ. ಸೆಡ್ನಾದ ಪುರರವಿ 76 ಖಗೋಳ ಮಾನದಲ್ಲಿದೆ. ಅತಿ ದೂರದ ಬಿಂದುವಾದ ಅಪರವಿ 900 ಖಗೋಳ ಮಾನವನ್ನೂ ಮೀರಿದೆ. ಪುರರವಿಯ ಬಳಿ ಅದರ ವೇಗ ಸೆಕೆಂಡಿಗೆ ಸುಮಾರು 4.6 ಕಿಲೋಮೀಟರ್, ಅಪರವಿಯಲ್ಲಿ ಅದು ಸೆಕೆಂಡಿಗೆ 400 ಮೀಟರ್‌ಗಿಂತಲೂ ಕಡಿಮೆ. ದೂರ ಹೋದಂತೆ ಕಾಯ ನಿಧಾನವಾಗುತ್ತದೆ ಎಂಬ ಕೆಪ್ಲರನ ನಿಯಮದಂತೆ, ಸೆಡ್ನಾ ತನ್ನ ಆಯುಷ್ಯದ ಬಹುಭಾಗವನ್ನು ಆ ದೂರದ ತುದಿಯಲ್ಲೇ ಕಳೆಯುತ್ತದೆ. ಈಗ ಅದು ನಮ್ಮ ಕಡೆಗೆ ಬರುತ್ತಿದೆ. 2076ರ ಆಸುಪಾಸಿನಲ್ಲಿ ಪುರರವಿಯನ್ನು ತಲುಪಲಿದೆ. ಈ ಹಿಂದೆ ಅದು ಅಲ್ಲಿಗೆ ಬಂದಾಗ ಹಿಮಯುಗ ಆಗಷ್ಟೇ ಮುಗಿದಿತ್ತು. ನಮ್ಮ ಬಳ್ಳಾರಿಯ ಬಳಿಯ ಸಂಗನಕಲ್ಲಿನ ಗುಡ್ಡಗಳ ಮೇಲೆ ನವಶಿಲಾಯುಗದ ಜನ ನೆಲೆಯೂರಿದ್ದು ಅದಾಗಿ ಎಷ್ಟೋ ಸಾವಿರ ವರ್ಷಗಳ ನಂತರ.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಅವಕಾಶವಿದೆ. ಸೆಡ್ನಾದ ವಿಶೇಷ ಅದು ಬಹಳ ದೂರ ಹೋಗುತ್ತದೆ ಎನ್ನುವುದರಲ್ಲಿದೆ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಈ ಹೊತ್ತಿನಲ್ಲಿ ಈರಿಸ್ ಎಂಬ ಕುಬ್ಜ ಗ್ರಹ ಸೆಡ್ನಾಕ್ಕಿಂತಲೂ ದೂರದಲ್ಲಿದೆ. ಸೆಡ್ನಾಕ್ಕಿಂತ ಎಷ್ಟೋ ಪಾಲು ದೂರ ಹೋಗಿ ಬರುವ ಧೂಮಕೇತುಗಳಿವೆ. ಸೆಡ್ನಾದ ಒಗಟು ಇರುವುದು ಅದರ ಹತ್ತಿರದ ತುದಿಯಲ್ಲಿ. ಅದು 76 ಖಗೋಳ ಮಾನಕ್ಕಿಂತ ಹತ್ತಿರ ಬರುವುದೇ ಇಲ್ಲ ಎನ್ನುವುದರಲ್ಲಿ. ಇದು ಏಕೆ ಒಗಟಾಗುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿಯೇ ನೋಡೋಣ.

ನೆಪ್ಚೂನ್ ಸೂರ್ಯನಿಂದ 30 ಖಗೋಳ ಮಾನ ದೂರದಲ್ಲಿದೆ. ಅದರಾಚೆ, ಸುಮಾರು 50 ಖಗೋಳ ಮಾನದವರೆಗೆ ಕೈಪರ್ ಪಟ್ಟಿ ಹರಡಿದೆ. 1992ರಲ್ಲಿ ಹವಾಯಿಯ ಮೌನಾ ಕೀ ಶಿಖರದಿಂದ ಡೇವಿಡ್ ಜೂಯಿಟ್ ಮತ್ತು ಜೇನ್ ಲೂ ಅಲ್ಲಿಯ ಒಂದು ಸಣ್ಣ ಕಾಯವನ್ನು ಗುರುತಿಸಿದಂದಿನಿಂದ ಈ ಪಟ್ಟಿಯ ಅಧ್ಯಯನ ಬೆಳೆಯುತ್ತಾ ಬಂದಿದೆ. ಇಲ್ಲಿಯ ಹಿಮಕಾಯವೊಂದು ನೆಪ್ಚೂನಿನ ಸಮೀಪಕ್ಕೆ ಬಂದರೆ ಆ ಗ್ರಹದ ಗುರುತ್ವ ಅದನ್ನು ಹೊರಕ್ಕೆ ಎಸೆಯುತ್ತದೆ. ಎಸೆತದ ಬಲಕ್ಕೆ ತಕ್ಕಂತೆ ಅದು 100, 500 ಅಥವಾ 1,000 ಖಗೋಳ ಮಾನ ದೂರಕ್ಕೂ ಹೋಗಬಹುದು. ಆದರೆ ಕಕ್ಷೆ ಎನ್ನುವುದು ಮುಚ್ಚಿದ ವಕ್ರರೇಖೆ. ಎಷ್ಟೇ ದೂರ ಹೋದರೂ ಕಾಯವು ತಿರುಗಿ ಬರುವುದು, ಅದಕ್ಕೆ ಆ ಬಲ ತಗುಲಿದ ಜಾಗಕ್ಕೇ. ಆದ್ದರಿಂದ ನೆಪ್ಚೂನ್ ಚದುರಿಸಿದ ಕಾಯಗಳ ಪುರರವಿ ನೆಪ್ಚೂನಿನ ಕಕ್ಷೆಯಿಂದ ಬಹಳ ದೂರ ಇರುವಂತಿಲ್ಲ. ಈರಿಸ್‌ನ ಪುರರವಿ 38 ಖಗೋಳ ಮಾನದಲ್ಲಿದೆ. ಅದು ಈ ಕಥೆಗೆ ಒಪ್ಪುತ್ತದೆ. ಸೆಡ್ನಾದ 76 ಒಪ್ಪುವುದಿಲ್ಲ. ನೆಪ್ಚೂನ್ ಎಂದೂ ಕೈಚಾಚಿ ಮುಟ್ಟಲಾರದ ಅಂತರ ಅದು.

ಹಾಗಾದರೆ ಹೊರಗಿನಿಂದ, ನಮ್ಮ ಆಕಾಶಗಂಗೆಯ ಗುರುತ್ವದ ಸೆಳೆತದಿಂದ ಇದು ಆಗಿರಬಹುದೇ? 1950ರಲ್ಲಿ ಡಚ್ ವಿಜ್ಞಾನಿ ಯಾನ್ ಊರ್ಟ್ ವಿವರಿಸಿದ ಧೂಮಕೇತುಗಳ ದೂರದ ಮೋಡದ ಮೇಲೆ ಅಂಥ ಸೆಳೆತ ಕೆಲಸ ಮಾಡುತ್ತದೆ, ನಿಜ. ಆದರೆ ಅದಕ್ಕೆ ಹತ್ತಾರು ಸಾವಿರ ಖಗೋಳ ಮಾನದ ದೂರ ಬೇಕು. ಅಷ್ಟು ದೂರದಲ್ಲಿ ಮಾತ್ರ ಸೂರ್ಯನ ಹಿಡಿತ ಸಡಿಲವಾಗಿರುತ್ತದೆ. ಸೆಡ್ನಾ 1,000 ಖಗೋಳ ಮಾನವನ್ನೂ ದಾಟುವುದಿಲ್ಲ. ಹೀಗೆ ಅದು ಗ್ರಹಗಳ ಕೈಗೆ ಎಟುಕದಷ್ಟು ದೂರದಲ್ಲೂ, ಆಕಾಶಗಂಗೆಯ ಸೆಳೆತಕ್ಕೆ ಅಲುಗದಷ್ಟು ಹತ್ತಿರದಲ್ಲೂ ಇದೆ. ಇಂದು ಅದನ್ನು ಯಾರೂ ಅಲುಗಿಸುತ್ತಿಲ್ಲವಾದರೆ, ಹಿಂದೊಮ್ಮೆ ಯಾವುದೋ ಬಲ ಅದರ ಪುರರವಿಯನ್ನು ಎತ್ತಿ ಹೊರಗಿಟ್ಟಿತು, ಆಮೇಲೆ ಆ ಬಲ ಇಲ್ಲವಾಯಿತು ಎಂದಾಗುತ್ತದೆ. ಅಥವಾ ಆ ಬಲ ಇನ್ನೂ ಇದೆ, ನಮ್ಮ ಕಣ್ಣಿಗೆ ಬಿದ್ದಿಲ್ಲ ಎಂದಾಗುತ್ತದೆ. ವಿದ್ವಾಂಸರ ಚರ್ಚೆ ನಡೆಯುತ್ತಿರುವುದು ಮುಖ್ಯವಾಗಿ ಈ ಎರಡರ ನಡುವೆ.

ಮೊದಲನೆಯದನ್ನು ನೋಡೋಣ. ಸೂರ್ಯನಂಥ ನಕ್ಷತ್ರಗಳಲ್ಲಿ ಹೆಚ್ಚಿನವು ಒಂಟಿಯಾಗಿ ಹುಟ್ಟುವುದಿಲ್ಲ. ಅನಿಲ ಮತ್ತು ಧೂಳಿನ ಒಂದೇ ಮೋಡದಿಂದ ನೂರಾರು, ಸಾವಿರಾರು ನಕ್ಷತ್ರಗಳು ಒಟ್ಟಿಗೆ ರೂಪುಗೊಳ್ಳುತ್ತವೆ. ಉಲ್ಕಾಶಿಲೆಗಳಲ್ಲಿ, ದೊಡ್ಡ ನಕ್ಷತ್ರಗಳಲ್ಲಿ ಹುಟ್ಟಿ ಬೇಗನೆ ಕ್ಷಯಿಸುವ ಅಲ್ಯೂಮಿನಿಯಂ-26ರ ಗುರುತುಗಳು ಸಿಗುವುದರಿಂದ, ಸೂರ್ಯನ ನೆರೆಯಲ್ಲೂ ಆರಂಭದಲ್ಲಿ ದೊಡ್ಡ ನಕ್ಷತ್ರಗಳಿದ್ದವು ಎಂದು ಊಹಿಸಲಾಗಿದೆ. ಅಂಥ ಗುಂಪಿನಲ್ಲಿ ನಕ್ಷತ್ರಗಳು ಒಂದಕ್ಕೊಂದು ಹತ್ತಿರವಿರುವುದಷ್ಟೇ ಅಲ್ಲ, ಪರಸ್ಪರ ಬಹಳ ನಿಧಾನವಾಗಿ, ಸೆಕೆಂಡಿಗೆ ಒಂದೆರಡು ಕಿಲೋಮೀಟರ್ ವೇಗದಲ್ಲಿ ಚಲಿಸುತ್ತವೆ. ಈ ನಿಧಾನವೇ ಮುಖ್ಯ. ಪಕ್ಕದಲ್ಲಿ ಹಾದುಹೋಗುವ ನಕ್ಷತ್ರ ನಿಧಾನವಾಗಿದ್ದಷ್ಟೂ ಅದರ ಗುರುತ್ವಕ್ಕೆ ಕೆಲಸ ಮಾಡಲು ಹೆಚ್ಚು ಸಮಯ ಸಿಗುತ್ತದೆ. ಗ್ರಹಗಳಿಂದ ದೂರಕ್ಕೆ ಎಸೆಯಲ್ಪಟ್ಟ ಹಿಮಕಾಯವು ಅಪರವಿಯ ಬಳಿ ಬಲು ಮೆಲ್ಲಗೆ ಸಾಗುತ್ತಿರುವಾಗ ಇಂಥ ನಕ್ಷತ್ರದ ಸೆಳೆತ ಅದರ ಮೇಲೆ ಬಿದ್ದರೆ, ಪುರರವಿ 35ರಿಂದ 76ಕ್ಕೆ ಏರುವುದು ಗಣಿತದಲ್ಲಿ ಸಹಜವಾಗಿಯೇ ಬರುತ್ತದೆ. ಕಾಲಕ್ರಮದಲ್ಲಿ ಆ ನಕ್ಷತ್ರಗಳ ಗುಂಪು ಚದುರಿಹೋಯಿತು. ಸೂರ್ಯನ ಒಡಹುಟ್ಟುಗಳು ಆಕಾಶಗಂಗೆಯ ಉದ್ದಗಲಕ್ಕೂ ಹಂಚಿಹೋದವು. ಆದರೆ ಅವುಗಳಲ್ಲೊಂದು ತಿದ್ದಿಹೋದ ಕಕ್ಷೆ, 450 ಕೋಟಿ ವರ್ಷಗಳಿಂದ ಯಾರೂ ಮುಟ್ಟದೆ ಹಾಗೆಯೇ ಉಳಿದುಬಂದಿದೆ. ಸೆಡ್ನಾವನ್ನು ನಾನು ದಾಖಲೆ ಎಂದು ಕರೆಯುವುದು ಈ ಅರ್ಥದಲ್ಲಿ.

ಗುಂಪು ಚದುರಿದ ಮೇಲೆ ಎಲ್ಲಿಂದಲೋ ಬಂದ ಅಪರಿಚಿತ ನಕ್ಷತ್ರವೊಂದು ಇದನ್ನು ಮಾಡಿರಬಾರದೇ ಎಂದು ಕೇಳಬಹುದು. ಅದಕ್ಕೆ ಆ ನಕ್ಷತ್ರ ಸುಮಾರು 1,000 ಖಗೋಳ ಮಾನದಷ್ಟು ಹತ್ತಿರ ಬರಬೇಕಾಗುತ್ತದೆ. ನಕ್ಷತ್ರಗಳ ನಡುವಿನ ಬಯಲು ಎಷ್ಟು ವಿಶಾಲವೆಂದರೆ ಅಂಥ ಭೇಟಿ ತೀರಾ ವಿರಳ. ಸುಮಾರು 70,000ದಿಂದ 80,000 ವರ್ಷಗಳ ಹಿಂದೆ ಶೋಲ್ಜ್ ನಕ್ಷತ್ರ ಎಂಬ ಪುಟ್ಟ ನಕ್ಷತ್ರ ನಮ್ಮ ಸಮೀಪ ಹಾದುಹೋಯಿತು. ಅದು ಕೂಡ 50,000 ಖಗೋಳ ಮಾನಕ್ಕಿಂತ ಒಳಗೆ ಬರಲಿಲ್ಲ.

ಎರಡನೆಯ ವಾದ, ಕಾಣದ ಗ್ರಹದ್ದು. ಸೆಡ್ನಾವನ್ನು ಕಂಡುಹಿಡಿದ ಮೈಕ್ ಬ್ರೌನ್ ಅವರೇ ಕಾನ್‌ಸ್ಟಾಂಟಿನ್ ಬಟೀಗಿನ್ ಅವರೊಂದಿಗೆ 2016ರ ಜನವರಿಯಲ್ಲಿ ಇದನ್ನು ಮಂಡಿಸಿದರು. ಸೆಡ್ನಾ ಸೇರಿದಂತೆ ದೂರದ ಆರು ಕಾಯಗಳ ಕಕ್ಷೆಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಚಾಚಿವೆ, ಭೂಮಿಯ ಹಲವು ಪಟ್ಟು ತೂಕದ ಗ್ರಹವೊಂದು ಅವುಗಳನ್ನು ಹಾಗೆ ಹಿಡಿದಿಟ್ಟಿದೆ ಎಂಬುದು ಅವರ ತರ್ಕ. ಈವರೆಗೆ ಆ ಗ್ರಹ ಸಿಕ್ಕಿಲ್ಲ. ನಮ್ಮ ದೂರದರ್ಶಕಗಳು ಯಾವ ದಿಕ್ಕಿಗೆ ಹೆಚ್ಚು ನೋಡಿದವೋ ಆ ದಿಕ್ಕಿನ ಕಾಯಗಳೇ ಹೆಚ್ಚು ಸಿಕ್ಕಿವೆ, ಜೋಡಣೆ ಕಾಣುವುದು ಅದರಿಂದಲೇ ಎಂಬ ಗಂಭೀರ ಆಕ್ಷೇಪವೂ ಇದೆ.

ಸೆಡ್ನಾದ ಬಗೆಯ ಇತರ ಕಾಯಗಳು ಇಲ್ಲಿ ನೆರವಿಗೆ ಬರುತ್ತವೆ. 2014ರಲ್ಲಿ ಪ್ರಕಟವಾದ 2012 ವಿಪಿ113ರ ಪುರರವಿ 80 ಖಗೋಳ ಮಾನ. 2018ರಲ್ಲಿ ಪ್ರಕಟವಾದ, ಹವಾಯಿ ಭಾಷೆಯಲ್ಲಿ ಲೆಲೆಆಕುಹೊನುಅ ಎಂಬ ಹೆಸರು ಪಡೆದ ಕಾಯದ್ದು 65. 2025ರಲ್ಲಿ ಜಪಾನಿನ ಸುಬಾರು ದೂರದರ್ಶಕದ ಚಿತ್ರಗಳಿಂದ ದೊರೆತ 2023 ಕೆಕ್ಯೂ14ರದ್ದು 66. ಈ ನಾಲ್ಕನೆಯ ಕಾಯದ ಕಕ್ಷೆ ಉಳಿದ ಮೂರರ ದಿಕ್ಕಿಗೆ ವಿರುದ್ಧವಾಗಿ ಚಾಚಿದೆ. ಆದರೆ ನಾಲ್ಕರ ಕಕ್ಷೆಗಳನ್ನೂ ಗಣಕಯಂತ್ರದಲ್ಲಿ ಹಿಂದಕ್ಕೆ ಓಡಿಸಿದಾಗ, ಸುಮಾರು 420 ಕೋಟಿ ವರ್ಷಗಳ ಹಿಂದೆ ಅವು ಒಂದೇ ದಿಕ್ಕಿನಲ್ಲಿ ಸೇರಿಕೊಂಡಿದ್ದಂತೆ ಕಾಣುತ್ತದೆ ಎಂದು ಅದನ್ನು ಶೋಧಿಸಿದವರು ಹೇಳುತ್ತಾರೆ. ನಾಲ್ಕೇ ಕಾಯಗಳಿಂದ ತೀರ್ಪು ಕೊಡುವುದು ಅವಸರವಾದೀತು. ಆದರೂ ಬಹಳ ಹಿಂದೆ ಒಮ್ಮೆ ನಡೆದು ಮುಗಿದುಹೋದ ಘಟನೆಯ ಕಡೆಗೆ, ಸೂರ್ಯನ ಒಡಹುಟ್ಟಿನ ನಕ್ಷತ್ರದ ಕಡೆಗೆ, ತಕ್ಕಡಿ ವಾಲುತ್ತಿದೆ ಎಂದು ನನಗೆ ಅನಿಸುತ್ತದೆ.

ಇಂಥವು ಇನ್ನೆಷ್ಟಿವೆ? ಇದಕ್ಕೆ ಒಂದು ಸರಳ ಲೆಕ್ಕವಿದೆ, ಅದು ನನಗೆ ಬಹಳ ಇಷ್ಟವಾದ ಲೆಕ್ಕ. ಸೆಡ್ನಾಕ್ಕೆ ಸ್ವಂತ ಬೆಳಕಿಲ್ಲ. ಅದು ದುಪ್ಪಟ್ಟು ದೂರ ಹೋದರೆ ಅದರ ಮೇಲೆ ಬೀಳುವ ಬಿಸಿಲು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಪ್ರತಿಫಲಿಸಿ ನಮ್ಮೆಡೆಗೆ ಬರುವಾಗ ಆ ಬೆಳಕು ಮತ್ತೆ ನಾಲ್ಕನೆಯ ಒಂದು ಭಾಗವಾಗುತ್ತದೆ. ಹೀಗೆ ದೂರ ಎರಡು ಪಟ್ಟಾದರೆ ಹೊಳಪು 16 ಪಟ್ಟು ಕುಗ್ಗುತ್ತದೆ. ಅಪರವಿಯು ಪುರರವಿಗಿಂತ 12 ಪಟ್ಟು ದೂರದಲ್ಲಿದೆ. ಅಲ್ಲಿ ಹೊಳಪು 20,000 ಪಾಲಿಗೂ ಮಿಕ್ಕಿ ಕುಗ್ಗಿರುತ್ತದೆ. ಪಾಲೊಮಾರ್‌ನಂಥ ದೂರದರ್ಶಕಕ್ಕೆ ಸೆಡ್ನಾ ಕಾಣುವುದು ಅದು ಸುಮಾರು 100 ಖಗೋಳ ಮಾನದ ಒಳಗಿರುವಾಗ ಮಾತ್ರ ಎಂದಿಟ್ಟುಕೊಳ್ಳಿ. ಕೆಪ್ಲರನ ನಿಯಮದಿಂದ ಲೆಕ್ಕ ಹಾಕಿದರೆ, 11,400 ವರ್ಷಗಳ ಸುತ್ತಿನಲ್ಲಿ ಆ ಅವಧಿ ಸುಮಾರು 200 ವರ್ಷ. ನಾವು ಅದನ್ನು ಕಂಡದ್ದು ಆ 200 ವರ್ಷಗಳ ನಡುವೆ. ಇದನ್ನು ಬರೀ ಅದೃಷ್ಟ ಎನ್ನಲು ಮನಸ್ಸು ಒಪ್ಪದಿದ್ದರೆ ಒಂದೇ ತೀರ್ಮಾನ ಉಳಿಯುತ್ತದೆ: ಸೆಡ್ನಾದಷ್ಟೇ ದೊಡ್ಡದಾದ, ಅಂಥದೇ ಕಕ್ಷೆಯ ಹತ್ತಾರು ಕಾಯಗಳು ತಮ್ಮ ತಮ್ಮ ಸುತ್ತಿನ ದೂರದ ಭಾಗದಲ್ಲಿವೆ. ಚಿಲಿ ದೇಶದಲ್ಲಿ 8.4 ಮೀಟರ್ ಕನ್ನಡಿ ಮತ್ತು 320 ಕೋಟಿ ಬಿಂದುಗಳ ಕ್ಯಾಮೆರಾದೊಂದಿಗೆ ಸಿದ್ಧವಾಗಿರುವ ವೀರಾ ರೂಬಿನ್ ವೀಕ್ಷಣಾಲಯದ ಹತ್ತು ವರ್ಷಗಳ ಸಮೀಕ್ಷೆಯಿಂದ ಇವುಗಳಲ್ಲಿ ಕೆಲವಾದರೂ ಹೊರಬರಬೇಕು. ಅವು ಎಲ್ಲ ದಿಕ್ಕಿಗೂ ಹರಡಿದ್ದರೆ ಒಡಹುಟ್ಟಿನ ನಕ್ಷತ್ರದ ವಾದಕ್ಕೆ ಬಲ. ಒಂದೇ ಕಡೆ ಚಾಚಿದ್ದರೆ ಗ್ರಹದ ವಾದಕ್ಕೆ.

ಮೇಲ್ಮೈಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಸೆಡ್ನಾದ ಬಣ್ಣ ಕೆಂಪು. ಜೇಮ್ಸ್ ವೆಬ್ ದೂರದರ್ಶಕ ಪಡೆದ ರೋಹಿತದಲ್ಲಿ ನೀರಿನ ಹಿಮದ ಜೊತೆಗೆ ಈಥೇನ್, ಅಸಿಟಿಲೀನ್‌ಗಳಂಥ ಅಣುಗಳ ಗುರುತು ಇದೆ. ಮೀಥೇನ್ ಹಿಮದ ಮೇಲೆ ವಿಕಿರಣ ಬಿದ್ದಾಗ ಹುಟ್ಟುವ ಅಣುಗಳಿವು. ಇನ್ನೂ ಮುಂದುವರಿದ ಕ್ರಿಯೆಗಳಿಂದ ಥೋಲಿನ್ ಎಂಬ ಕೆಂಪು ಬಣ್ಣದ ಸಂಕೀರ್ಣ ವಸ್ತು ಉಂಟಾಗುತ್ತದೆ. ಅಲ್ಲಿಯ ಉಷ್ಣತೆ ಎಂದೂ ಸೊನ್ನೆಗಿಂತ 240 ಡಿಗ್ರಿ ಸೆಲ್ಸಿಯಸ್ ಕೆಳಗಿನ ಮಟ್ಟದಿಂದ ಮೇಲೇರುವುದಿಲ್ಲ. ವಾಯೇಜರ್-1 ನೌಕೆ 2012ರಲ್ಲಿ 121 ಖಗೋಳ ಮಾನದ ಬಳಿ, ಸೂರ್ಯನಿಂದ ಹೊಮ್ಮುವ ಕಣಗಳ ಹರಿವಾದ ಸೌರ ಮಾರುತದ ಎಲ್ಲೆಯನ್ನು ದಾಟಿತು. ಆ ಎಲ್ಲೆಯ ಒಳಗೆ ಸೆಡ್ನಾ ಇರುವುದು ಪ್ರತಿ ಸುತ್ತಿನಲ್ಲೂ ಸರಿಸುಮಾರು 300 ವರ್ಷ. ಉಳಿದ 11,000 ವರ್ಷ ಅದರ ಮೇಲ್ಮೈ ನಕ್ಷತ್ರಾಂತರ ಪ್ರದೇಶದ ವಿಶ್ವಕಿರಣಗಳಿಗೆ ತೆರೆದುಕೊಂಡಿರುತ್ತದೆ. ಬೆಳಕು ಪೂರಾ ಇಲ್ಲವಾಗುವುದಿಲ್ಲ ಎನ್ನುವುದೂ ಗಮನಾರ್ಹ: ಅಪರವಿಯಲ್ಲಿ ಕೂಡ ಅಲ್ಲಿಯ ಬಿಸಿಲು ನಮ್ಮ ಹುಣ್ಣಿಮೆಯ ಬೆಳದಿಂಗಳಿನ ಸುಮಾರು ಅರ್ಧದಷ್ಟು ಇರುತ್ತದೆ.

ಉಪನ್ಯಾಸದ ನಂತರ ಸಭಿಕರು ಹಲವು ಪ್ರಶ್ನೆಗಳನ್ನು ಕೇಳಿದರು. ಅವುಗಳಲ್ಲಿ ಮೂರನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಸೆಡ್ನಾವನ್ನು ಗ್ರಹವೆನ್ನಬಹುದೇ ಎಂದು ಹಿರಿಯರೊಬ್ಬರು ಕೇಳಿದರು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ 2006ರ ವ್ಯಾಖ್ಯೆಯಂತೆ ಅದು ಗ್ರಹವಲ್ಲ. ಕುಬ್ಜ ಗ್ರಹವೆನ್ನಲು ಬೇಕಾದ ಗಾತ್ರ ಅದಕ್ಕಿದೆ ಎಂದು ಬಹಳ ಖಗೋಳಜ್ಞರು ಒಪ್ಪುತ್ತಾರೆ. ಅಧಿಕೃತವಾಗಿ ಹೆಸರಿಸಿದ ಐದರಲ್ಲಿ ಅದು ಸೇರಿಲ್ಲ.

ಸಿಂಹಗಡದ ಮೇಲಿನಿಂದ ಅದನ್ನು ನೋಡಬಹುದೇ ಎಂಬುದು ಒಬ್ಬ ತಾಯಿಯವರ ಪ್ರಶ್ನೆಯಾಗಿತ್ತು. ಸೆಡ್ನಾ ಈಗ ವೃಷಭ ರಾಶಿಯಲ್ಲಿದೆ. ಕೃತ್ತಿಕೆ, ರೋಹಿಣಿಗಳಿರುವ ಆಕಾಶದ ಆ ಭಾಗವನ್ನು ಮಾರ್ಗಶಿರ ಮಾಸದ ರಾತ್ರಿಗಳಲ್ಲಿ ಮಕ್ಕಳಿಗೆ ಖಂಡಿತ ತೋರಿಸಬಹುದು. ಸೆಡ್ನಾ ಮಾತ್ರ ಬರಿಗಣ್ಣಿಗೆ ಕಾಣುವ ಅತಿ ಮಂದ ನಕ್ಷತ್ರಕ್ಕಿಂತ ಸುಮಾರು 10 ಲಕ್ಷ ಪಾಲು ಮಂದವಾಗಿದೆ. ಮನೆಯ ದೂರದರ್ಶಕಕ್ಕೆ ಅದು ಎಟುಕುವುದಿಲ್ಲ. ಕೃತ್ತಿಕೆಯನ್ನು ತೋರಿಸುವಾಗ, ಅದೂ ಒಟ್ಟಿಗೆ ಹುಟ್ಟಿ ಇನ್ನೂ ಚದುರದೆ ಇರುವ ನಕ್ಷತ್ರಗಳ ಗುಂಪು ಎಂದು ಹೇಳಿದರೆ ಈ ಉಪನ್ಯಾಸದ ತಿರುಳಿನ ಅರ್ಧ ಭಾಗ ಮಕ್ಕಳಿಗೆ ತಲುಪಿದಂತೆ.

ಅಲ್ಲಿಗೆ ನೌಕೆ ಕಳುಹಿಸಲು ಸಾಧ್ಯವೇ ಎಂದು ಕಾಲೇಜು ವಿದ್ಯಾರ್ಥಿಯೊಬ್ಬ ಕೇಳಿದ. ಸಾಧ್ಯವಿದೆ. ಗುರುಗ್ರಹದ ಗುರುತ್ವದ ನೆರವು ಪಡೆದು ಹೋದರೆ ಪಯಣಕ್ಕೆ ಸುಮಾರು 25 ವರ್ಷ ಹಿಡಿಯುತ್ತದೆ ಎಂದು ಲೆಕ್ಕ ಹಾಕಲಾಗಿದೆ. ನ್ಯೂ ಹೊರೈಜನ್ಸ್ ನೌಕೆ ಪ್ಲೂಟೊ ತಲುಪಲು ತೆಗೆದುಕೊಂಡದ್ದು ಒಂಬತ್ತೂವರೆ ವರ್ಷ. ಈ ಶತಮಾನದ ನಡುಭಾಗಕ್ಕೆ ಮೊದಲು ಹೊರಟರೆ ಸೆಡ್ನಾ ಪುರರವಿಯ ಬಳಿ ಇರುವಾಗಲೇ ಅದನ್ನು ಸೇರಬಹುದು. ಅಲ್ಲಿ ಬಿಸಿಲು ಭೂಮಿಯಲ್ಲಿರುವುದರ ಸುಮಾರು 6,000ದಲ್ಲಿ ಒಂದು ಪಾಲು ಮಾತ್ರವಾದ್ದರಿಂದ ಸೌರಫಲಕಗಳು ಕೆಲಸಕ್ಕೆ ಬಾರವು, ಪ್ಲುಟೋನಿಯಮ್‌ನ ಶಾಖದಿಂದ ವಿದ್ಯುತ್ ಪಡೆಯಬೇಕು. ನೌಕೆಯ ಸಂದೇಶ ಇಲ್ಲಿಗೆ ಬರಲು ಹತ್ತೂವರೆ ಗಂಟೆ ಕಾಯಬೇಕು. ಆ ವಿದ್ಯಾರ್ಥಿ ಮುಂದುವರಿದು, ಅಷ್ಟೆಲ್ಲ ಕಷ್ಟಪಟ್ಟು ಹೋದ ನೌಕೆ ಮೊದಲು ಏನನ್ನು ನೋಡಬೇಕು ಎಂದು ಕೇಳಿದ. ಕುಳಿಗಳನ್ನು ಎಣಿಸಬೇಕು ಎಂದೆ. ಸೆಡ್ನಾದ ಮೈಮೇಲೆ ಎಷ್ಟು ಕುಳಿಗಳಿವೆ, ಅವು ಎಷ್ಟು ದೊಡ್ಡವು ಎಂದು ತಿಳಿದರೆ, ಯಾವ ದೂರದರ್ಶಕಕ್ಕೂ ಕಾಣದ ಆ ಪ್ರದೇಶದಲ್ಲಿ 450 ಕೋಟಿ ವರ್ಷಗಳಲ್ಲಿ ಎಷ್ಟು ಸಣ್ಣ ಕಾಯಗಳು ಓಡಾಡಿದವು ಎನ್ನುವುದಕ್ಕೆ ಮೊದಲ ನೇರ ಅಂದಾಜು ದೊರೆಯುತ್ತದೆ.